ಉಸಿರು ಅಳೆದು ಹಾಡು ಕೊಟ್ಟವರು

ನಮ್ಮ ಪಿ.ಟಿ. ಮಾಸ್ತರರು ಕಿವಿಗೆ ಮಷಿನ್ ಹಾಕಿಸಿಕೊಂಡಿದ್ದಾರೆ ಎಂಬ ಸುದ್ದಿ ಒಂದು ದಿನ ಸ್ಟಾಫ್ ರೂಮಿಗೆ ಬಂತು. ನಿವೃತ್ತರಾಗಿ ಎರಡು ವರ್ಷವಾದ ಹಿರಿಯರೊಬ್ಬರಿಗೆ ಚೆನ್ನಾಗಿ ಕೇಳಿಸತೊಡಗಿದೆ ಎಂದರೆ ಖುಷಿಪಡಬೇಕಾದ ಮಾತೇ. ಆದರೆ ನಾವೆಲ್ಲ ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗರ ಹಾಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕುಳಿತೆವು. ಸುದ್ದಿ ತಂದವರು ಹಿಂದಿ ಸರ್. ಯಾದಗಿರಿ ಮಾರ್ಕೆಟ್ಟಿನಲ್ಲಿ ಮಾಸ್ತರರ ಹೆಂಡತಿ ಸಿಕ್ಕು ಎಲ್ಲವನ್ನೂ ಹೇಳಿದರಂತೆ. ಕಲಬುರಗಿಗೆ ಕರೆದುಕೊಂಡು ಹೋಗಿ ತೋರಿಸಿದರೆ, ಡಾಕ್ಟರು ತಪಾಸಣೆ ಮಾಡಿ, ಇದು ನಿನ್ನೆ ಮೊನ್ನೆಯ ಕಿವುಡಲ್ಲ, ಹತ್ತು ವರ್ಷದಿಂದಲೂ ಇವರಿಗೆ ಸರಿಯಾಗಿ ಏನೂ ಕೇಳಿಸಿರಲಿಕ್ಕಿಲ್ಲ ಎಂದರಂತೆ.

ನಾನು ಗಣಿತದ ಟೀಚರು. ಲೆಕ್ಕ ನನಗೇ ಮೊದಲು ಹೊಳೆಯಿತು. ನಾನು ಜನರೆದುರು ಮೊದಲ ಸಲ ಮೈಕು ಹಿಡಿದು ಆಗ ಎಂಟು ವರ್ಷವಾಗಿತ್ತು. ನನಗೆ ಹಾಡಲು ಬರುತ್ತದೆ ಎಂದು ಹೇಳಿ, ಹಾಡು ಆರಿಸಿ ಕೊಟ್ಟು, ಎದುರಿಗೆ ನಿಂತು ಹಾಡಿಸಿ, ಪ್ರತಿ ಸಲವೂ ಭೇಷ್ ಎಂದವರು ಇದೇ ಮಾಸ್ತರರು. ಅಂದರೆ ನನ್ನ ದನಿಯ ಬಗ್ಗೆ ನನ್ನ ಹತ್ತಿರ ಇದ್ದ ಒಂದೇ ಒಂದು ಸರ್ಟಿಫಿಕೇಟು ಕಿವಿ ಕೇಳದವರು ಬರೆದುಕೊಟ್ಟದ್ದು. ಉಳಿದವರ ಕಥೆಯೂ ಬೇರೆಯಲ್ಲ. ಹಿಂದಿ ಸರ್ ಎದ್ದು ಹೋಗಿ ನೀರು ಕುಡಿದು ಬಂದರು.

ಮಾಸ್ತರರು ಕುಳ್ಳಗೆ, ಗಟ್ಟಿಮುಟ್ಟಾಗಿದ್ದರು. ಬಿಳಿ ಅಂಗಿ, ಕಪ್ಪು ಟ್ರ್ಯಾಕ್ ಪ್ಯಾಂಟು, ಕೊರಳಲ್ಲಿ ದಾರಕ್ಕೆ ಕಟ್ಟಿದ ಸೀಟಿ. ನಡೆಯುವಾಗ ಎದುರಿನವರು ಕಾಲು ಹಿಡಿದು ಎಳೆಯುತ್ತಾರೇನೋ ಎಂಬಂತೆ ಸ್ವಲ್ಪ ಬಗ್ಗಿ, ಪಕ್ಕಕ್ಕೆ ಹೆಜ್ಜೆ ಇಡುತ್ತಿದ್ದರು. ಹರೆಯದಲ್ಲಿ ಜಿಲ್ಲೆಯ ಪರವಾಗಿ ಹುತುತು ಆಡಿದವರು. ಟಿ.ವಿ.ಯವರು ಅದನ್ನು ಕಬಡ್ಡಿ ಎನ್ನುತ್ತಾರೆ, ಆದರೆ ಮಾಸ್ತರರ ಬಾಯಲ್ಲಿ ಅದು ಕೊನೆಯವರೆಗೂ ಹುತುತುವೇ. ಅವರು ಮಾತಾಡಿದರೆ ಶಹಾಪುರದಿಂದ ಸುರಪುರಕ್ಕೆ ಹೋಗುವ ಬಸ್ಸಿನಲ್ಲಿ ಕುಳಿತವರೂ ನಮ್ಮ ಶಾಲೆಯ ಕಡೆ ತಿರುಗಿ ನೋಡುತ್ತಿದ್ದರು. ಮೈದಾನದ ಅಭ್ಯಾಸ ಎಂದು ನಾವು ಸುಮ್ಮನಿದ್ದೆವು. ನಾವು ಏನಾದರೂ ಕೇಳಿದರೆ ಅದಕ್ಕೆ ಸಂಬಂಧವಿಲ್ಲದ ಉತ್ತರ ಕೊಡುತ್ತಿದ್ದರು. ಅದನ್ನೂ ಪಿ.ಟಿ. ಮಾಸ್ತರರ ಸ್ವಭಾವ ಎಂದುಕೊಂಡಿದ್ದೆವು. ಇಷ್ಟು ಜನ ಓದಿದವರು ಒಂದೇ ಕೋಣೆಯಲ್ಲಿ ಕುಳಿತು ಇಷ್ಟು ದಡ್ಡರಾಗಿರಬಹುದು ಎಂದು ನನಗೆ ಗೊತ್ತಿರಲಿಲ್ಲ.

ಕರೋಕೆ ನಮ್ಮ ಶಾಲೆಗೆ ಬಂದದ್ದು ಭಾಷಣದ ಕಾಟಕ್ಕೆ. ಯಾರಾದರೂ ನಿವೃತ್ತರಾದರೆ ಶಾಲು, ಹಣ್ಣಿನ ಬುಟ್ಟಿ, ಮೂರು ತಾಸು ಭಾಷಣ. ಹೋಗುವವರನ್ನು ಎಲ್ಲರೂ ಹಾಡಿ ಹೊಗಳಬೇಕು. ವರ್ಷವಿಡೀ ಅವರ ಜೊತೆ ಮಾತು ಬಿಟ್ಟವರೂ ಹೊಗಳಬೇಕು. ಒಂದು ಸಲ ಬೀಳ್ಕೊಡುಗೆ ಮಾಡಿಸಿಕೊಳ್ಳುತ್ತಿದ್ದ ಕ್ಲರ್ಕ್ ಸಾಹೇಬರು ಹಾರ ಹಾಕಿಕೊಂಡೇ ನಿದ್ದೆ ಹೋಗಿ, ಕುರ್ಚಿಯಿಂದ ಜಾರಿ, ಹಿಂದೆ ನಿಂತ ಜವಾನನ ಕೈಗೆ ಬಿದ್ದರು. ಮರುದಿನವೇ ಮಾಸ್ತರರು ಹೆಡ್ ಮೇಡಂ ಹತ್ತಿರ ಹೋಗಿ, ಇನ್ನು ಮುಂದೆ ಭಾಷಣ ಬೇಡ, ಒಬ್ಬೊಬ್ಬರೂ ಒಂದೊಂದು ಹಾಡು ಹಾಡಿ ಕಳಿಸೋಣ ಎಂದರು. ಯಾಕೆ ಎಂದು ಮೇಡಂ ಕೇಳಿದಾಗ ಅವರು ಕೊಟ್ಟ ಕಾರಣ ನಮ್ಮ ಶಾಲೆಯಲ್ಲಿ ಇವತ್ತಿಗೂ ಓಡಾಡುತ್ತಿದೆ.

"ಭಾಷಣ ಮಾಡಿದ್ರ ಸುಳ್ಳ ಹೇಳಬೇಕಾಗ್ತದ್ರಿ ಮೇಡಂ. ಹಾಡಿದ್ರ ಆ ತ್ರಾಸ ಇಲ್ಲ."

ಹಾಡಲು ಬರುವವರು ಯಾರೂ ಇಲ್ಲವಲ್ಲ ಎಂದು ಮೇಡಂ ಹೇಳಿದರು. ಅದನ್ನು ನನಗೆ ಬಿಡಿ ಎಂದು ಮಾಸ್ತರರು ಹೊರಟು, ಮುಂದಿನ ಶನಿವಾರ ಗಾಲಿ ಇರುವ ಒಂದು ದೊಡ್ಡ ಸ್ಪೀಕರ್ ಡಬ್ಬಿಯನ್ನು ಮೋಟರ್ ಸೈಕಲ್ಲಿಗೆ ಕಟ್ಟಿಕೊಂಡು ಬಂದರು. ಅದಕ್ಕೆ ಎರಡು ಮೈಕು. ಮೊಬೈಲಿನಲ್ಲಿ ಬರೀ ವಾದ್ಯದ ಟ್ರ್ಯಾಕು, ಪರದೆಯ ಮೇಲೆ ಸಾಲುಗಳು. ನಮ್ಮ ಜವಾನ ಅದನ್ನು 'ಹಾಡಿಲ್ಲದ ಹಾಡು' ಎಂದು ಕರೆದ. ಶನಿವಾರ ಶಾಲೆ ಬೆಳಿಗ್ಗೆಯೇ ಮುಗಿಯುತ್ತದೆ. ಆಮೇಲೆ ಆಟದ ಸಾಮಾನಿನ ಕೋಣೆಯಲ್ಲಿ, ಹರಿದ ವಾಲಿಬಾಲ್ ನೆಟ್ಟು, ಗಾಳಿ ಹೋದ ಚೆಂಡುಗಳ ನಡುವೆ ನಮ್ಮ ತಾಲೀಮು ಶುರುವಾಯಿತು.

ಯಾರಿಗೆ ಯಾವ ಹಾಡು ಎಂದು ಬೇರೆಯವರು ದನಿ ಕೇಳಿ ತೀರ್ಮಾನಿಸುತ್ತಾರೆ. ಮಾಸ್ತರರು ಹುತುತು ಹಾಕಿಸುತ್ತಿದ್ದರು. ಸುಣ್ಣದಲ್ಲಿ ಒಂದು ಗೆರೆ ಎಳೆದು, ಅದರ ಹಿಂದೆ ನಮ್ಮನ್ನು ನಿಲ್ಲಿಸಿ, ಒಂದೇ ಉಸಿರಿನಲ್ಲಿ ಹುತುತುತುತು ಎನ್ನುತ್ತ ಗೋಡೆಯ ಕಡೆಗೆ ನಡೆಯಬೇಕು ಎನ್ನುತ್ತಿದ್ದರು. ಉಸಿರು ಎಲ್ಲಿ ಮುಗಿಯುತ್ತದೋ ಅಲ್ಲಿ ಒಂದು ಗುರುತು. ಎಷ್ಟು ಹೆಜ್ಜೆ ಬಂತೋ ಅಷ್ಟು ಉದ್ದದ ಸಾಲಿರುವ ಹಾಡು. ಹೊಟ್ಟೆ ಮುಂದೆ ಬಿಟ್ಟುಕೊಂಡ ಹಿಂದಿ ಸರ್ ಹುತುತು ಹಾಕುತ್ತ ಗೋಡೆಯ ಕಡೆ ಹೋದ ದಿನ ಒಂಬತ್ತನೆಯ ಇಯತ್ತೆಯ ಮಕ್ಕಳೆಲ್ಲ ಕಿಟಕಿಗೆ ಜೋತುಬಿದ್ದಿದ್ದರು. ಅವರು ಅರ್ಧ ದಾರಿಯಲ್ಲಿ ನಕ್ಕುಬಿಟ್ಟರು. ಮಾಸ್ತರರು ಆಟದ ರಿಜಿಸ್ಟರಿನಲ್ಲಿ ಬರೆದುಕೊಂಡದ್ದನ್ನು ನಾನು ಕದ್ದು ಓದಿದ್ದೆ. 'ಹಿಂದಿ ಸರ್, ಹನ್ನೊಂದು ಹೆಜ್ಜೆ. ನಡುವೆ ನಗುತ್ತಾರೆ. ದುಃಖದ ಹಾಡು ಕೊಡಬಾರದು, ಅಲ್ಲಿ ನಕ್ಕರೆ ಮರ್ಯಾದೆ ಹೋಗುತ್ತದೆ.' ಅದೇ ಪುಟದ ಕೆಳಗೆ ನನ್ನದೂ ಇತ್ತು. 'ಗಣಿತ ಟೀಚರ್, ಆರು ಹೆಜ್ಜೆ. ಉಸಿರು ಇದೆ, ಹೆದರಿಕೆ ಹೆಚ್ಚು.'

ಹೆದರಿಕೆಗೆ ಕಾರಣವಿತ್ತು. ನನ್ನದು ಬೋನಾಳದ ಹತ್ತಿರದ ಹಳ್ಳಿ. ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಶಾಲೆಗೆ ಯಾರೋ ದೊಡ್ಡ ಸಾಹೇಬರು ಬರುವವರಿದ್ದರು. ಪ್ರಾರ್ಥನೆಯ ತಾಲೀಮಿನಲ್ಲಿ ನಮ್ಮ ಟೀಚರು ಸಾಲಿನುದ್ದಕ್ಕೂ ಕಿವಿ ಕೊಟ್ಟು ಬಂದು ನನ್ನ ಮುಂದೆ ನಿಂತು, ನೀನು ಬಾಯಿ ಮಾತ್ರ ಆಡಿಸು, ದನಿ ತೆಗೆಯಬೇಡ ಎಂದರು. ಸಿಟ್ಟಿನಿಂದ ಹೇಳಲಿಲ್ಲ. ತಲೆ ಸವರಿ ಹೇಳಿದರು. ಸಿಟ್ಟಿನಿಂದ ಹೇಳಿದ್ದರೆ ಮರೆತುಬಿಡುತ್ತಿದ್ದೆನೇನೋ. ಪಕ್ಕದ ಕೆರೆಗೆ ಬಂದ ಹಕ್ಕಿಗಳೆಲ್ಲ ತಮಗೆ ತೋಚಿದ ಹಾಗೆ ಕೂಗಾಡುತ್ತಿದ್ದವು, ನಾನೊಬ್ಬಳು ತುಟಿ ಆಡಿಸುತ್ತ ನಿಂತೆ. ಅವತ್ತಿನಿಂದ ದನಿ ತೆಗೆಯಲಿಲ್ಲ. ನಾನೇ ಟೀಚರಾಗಿ ಮಕ್ಕಳ ಮುಂದೆ ನಿಂತ ಮೇಲೂ ಬೆಳಿಗ್ಗೆ ತುಟಿ ಮಾತ್ರ ಆಡುತ್ತಿತ್ತು. ಮಗನಿಗೆ ಲಾಲಿ ಹಾಡಲಿಲ್ಲ, ಮಗ್ಗಿ ಹೇಳಿ ಮಲಗಿಸಿದೆ. ಹದಿಮೂರರ ಮಗ್ಗಿಗೆ ಅವನು ನಿದ್ದೆ ಹೋಗುತ್ತಿದ್ದ. ದೊಡ್ಡವನಾದ ಮೇಲೂ ಪರೀಕ್ಷೆಯಲ್ಲಿ ಹದಿಮೂರರಿಂದ ಗುಣಿಸಬೇಕಾದಾಗ ಆಕಳಿಕೆ ಬರುತ್ತದೆ ಎಂದು ನನ್ನನ್ನು ಬೈಯುತ್ತಿದ್ದ.

ಇದೆಲ್ಲ ಮಾಸ್ತರರಿಗೆ ಹೇಳಿದೆ. ಈಗ ನೋಡಿದರೆ ಎಷ್ಟು ಕೇಳಿಸಿತೋ ಗೊತ್ತಿಲ್ಲ. ಅವರು ನನ್ನ ಮುಖವನ್ನೇ ನೋಡುತ್ತ ಕೊನೆಯತನಕ ಕೇಳಿಸಿಕೊಂಡು, ಮೊಬೈಲು ತೆಗೆದು ಹಾಡು ಹುಡುಕತೊಡಗಿದರು. ಹಾಡುಗಳನ್ನು ಅವರು ರೈಲಿನ ಹಾಗೆ ಎರಡು ಭಾಗ ಮಾಡಿದ್ದರು. ಯಾದಗಿರಿ ಸ್ಟೇಷನ್ನಿನ ಮಗ್ಗುಲಲ್ಲಿ ಹುಟ್ಟಿ ಬೆಳೆದವರು, ಇನ್ನು ಯಾವ ಲೆಕ್ಕ ಹಾಕಿಯಾರು?

"ಹೊಸಬರು ಪ್ಯಾಸೆಂಜರ್ ಹಾಡು ಹತ್ತಬೇಕ್ರಿ ಟೀಚರ್. ನಾಲವಾರದಾಗೂ ನಿಂದರ್ತದ, ಸೈದಾಪುರದಾಗೂ ನಿಂದರ್ತದ. ನಿಂತಲ್ಲೆ ಉಸಿರ ತಗೊಂಡು ಮುಂದ ಹೋಗಬಹುದು. ಎಕ್ಸ್‌ಪ್ರೆಸ್ ಹಾಡು ನಮಗ ಬ್ಯಾಡ, ಅದು ನಡಕ ಇಳಸಂಗಿಲ್ಲ."

ನನಗೆ ಸಿಕ್ಕಿದ್ದು ಒಂದು ಹಳೆಯ ಸಿನಿಮಾ ಹಾಡು. ಚಿಕ್ಕ ಚಿಕ್ಕ ಸಾಲು, ಪ್ರತಿ ಸಾಲಿನ ಕೊನೆಗೆ ಕೊಳಲು ಬಂದು ಉಸಿರು ತೆಗೆದುಕೊಳ್ಳಲು ಜಾಗ ಕೊಡುತ್ತದೆ. ಎರಡು ಚರಣವಿದ್ದರೆ ಒಂದನ್ನೇ ಹಾಡಬೇಕು ಎನ್ನುವುದು ಅವರ ಇನ್ನೊಂದು ಕಟ್ಟಳೆ. ಜನ ಇನ್ನೂ ಕೇಳುತ್ತಿರುವಾಗಲೇ ಮೈಕು ಕೆಳಗಿಡಬೇಕಂತೆ.

ಎಲ್ಲರೂ ನನ್ನ ಹಾಗೆ ಕೊಟ್ಟದ್ದನ್ನು ತೆಗೆದುಕೊಳ್ಳುವವರಲ್ಲ. ತೆಲಂಗಾಣದ ಗಡಿಯ ಗುರುಮಠಕಲ್ ಕಡೆಯ ನಮ್ಮ ವಿಜ್ಞಾನದ ಸರ್‌ಗೆ ಆಲಾಪವಿರುವ ದೊಡ್ಡ ಹಾಡೇ ಬೇಕು. ಆಲಾಪ ಬಂದಾಗ ಅವರ ಕಣ್ಣು ಮುಚ್ಚುತ್ತದೆ, ಕೈ ಮೇಲೆ ಹೋಗುತ್ತದೆ, ದನಿ ಎಲ್ಲಿಗೋ ಹೋಗಿ ವಾಪಸು ಬರುವುದೇ ಇಲ್ಲ. ನೇರವಾಗಿ ಬೇಡ ಎಂದರೆ ಬೇಜಾರು ಮಾಡಿಕೊಳ್ಳುವ ಮನುಷ್ಯ. ಮಾಸ್ತರರು ಯೋಚನೆ ಮಾಡಿ ಅವರಿಗೆ ಒಂದು ತೆಲುಗು ಹಾಡು ಕೊಟ್ಟರು. ನಮಗೆಲ್ಲ ಆಶ್ಚರ್ಯವಾಯಿತು. ಇದರಲ್ಲಿ ಏನು ತಪ್ಪಿದರೂ ಗುರುಮಠಕಲ್ ಮುಟ್ಟುವ ತನಕ ಯಾರಿಗೂ ಗೊತ್ತಾಗುವುದಿಲ್ಲ ಎಂದು ಆಮೇಲೆ ನನ್ನ ಹತ್ತಿರ ಹೇಳಿದರು, ಅವರ ಪಾಲಿನ ಗುಟ್ಟಿನ ದನಿಯಲ್ಲಿ. ವಿಜ್ಞಾನದ ಸರ್ ಪಕ್ಕದ ಕೋಣೆಯಲ್ಲಿ ಕುಳಿತು ಅದನ್ನು ಅಕ್ಷರ ಅಕ್ಷರ ಕೇಳಿಸಿಕೊಂಡರು. ಆದರೂ ಅದೇ ಹಾಡನ್ನು ಹಾಡಿದರು, ಸುರಪುರದ ಕಡೆಯವರೆಲ್ಲ ಎದ್ದು ಚಪ್ಪಾಳೆ ಹೊಡೆದರು.

ಯಾರು ಹಾಡಿದರೂ ಮಾಸ್ತರರು ನಿಲ್ಲುವ ಜಾಗ ಒಂದೇ, ಸ್ಪೀಕರ್ ಡಬ್ಬಿಯ ಪಕ್ಕ. ಎಡಗೈ ಡಬ್ಬಿಯ ಮೇಲೆ, ಕಣ್ಣು ಹಾಡುವವರ ಮೇಲೆ. ಹೊಸ ಸಾಮಾನು, ಮಕ್ಕಳು ಮುಟ್ಟದಿರಲಿ ಎಂದು ಕಾಯುತ್ತಿದ್ದಾರೆ ಎಂದು ನಾವು ತಿಳಿದಿದ್ದೆವು. ಹಾಡುವವರು ಎಷ್ಟೇ ಕೆಟ್ಟದಾಗಿ ಹಾಡಲಿ, ಆ ಮುಖದಲ್ಲಿ ಒಂದು ಗೆರೆ ಬದಲಾಗುತ್ತಿರಲಿಲ್ಲ. ಹಾಡಲು ಹೆದರುವವರಿಗೆ ಎದುರಿನ ಮುಖ ಎಷ್ಟು ದೊಡ್ಡದು ಎನ್ನುವುದು ಹೆದರಿದವರಿಗೇ ಗೊತ್ತು. ಆ ಮುಖ ನೋಡಿಕೊಂಡೇ ನಾನು ನಮ್ಮ ಹಳೆಯ ಹೆಡ್ ಮೇಡಂ ನಿವೃತ್ತಿಯ ದಿನ ಮೊದಲ ಸಲ ಹಾಡಿದೆ. ಮುಗಿದ ಮೇಲೆ ಮಾಸ್ತರರು ಇಡೀ ಮೈದಾನಕ್ಕೆ ಕೇಳುವಂತೆ ಭೇಷ್ ಟೀಚರ್ ಎಂದರು. ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ಇನ್ನೊಂದು ಸಲ ಹಾಡಿದೆ. ನನ್ನ ಯಜಮಾನರು ಗಾಬರಿಯಾಗಿ ಹೊರಗಿನಿಂದ ಓಡಿ ಬಂದರು. ಅವರ ಮಾತಿಗೆ ನಾನು ಬೆಲೆ ಕೊಡಲಿಲ್ಲ.

ಅಲ್ಲಿಂದ ಮುಂದೆ ಆರು ವರ್ಷ, ಬೀಳ್ಕೊಡುಗೆ ಇರಲಿ, ತೊಟ್ಟಿಲ ಕಾರ್ಯ ಇರಲಿ, ಅದೇ ಹಾಡು. ಸುರಪುರದಲ್ಲಿ ನಮ್ಮ ಮೈದುನನ ಮದುವೆಯಲ್ಲೂ ಹಾಡಿದೆ. ಮುಂದಿನ ಸಾಲಿನ ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡು ಸೆರಗು ಬಾಯಿಗೆ ಹಿಡಿದರು. ಹೊಟ್ಟೆಕಿಚ್ಚು ಎಂದುಕೊಂಡೆ. ನಾನು ಎಂಥ ಎತ್ತರದಲ್ಲಿದ್ದೆ ನೋಡಿ.

ಎಚ್ಚರಿಕೆಯ ಗಂಟೆ ಒಂದು ಸಲ ಜೋರಾಗಿಯೇ ಬಾರಿಸಿತ್ತು. ಒಂದು ವರ್ಷ ಶಿಕ್ಷಕರ ಹಾಡಿನ ಸ್ಪರ್ಧೆಗೆ ನಮ್ಮ ಮಾಸ್ತರರನ್ನೇ ತೀರ್ಪುಗಾರರಾಗಿ ಕೂರಿಸಿದರು. ಕರೋಕೆಯಿಂದ ಅವರ ಹೆಸರು ಅಷ್ಟು ದೂರ ಹೋಗಿತ್ತು. ಅವರು ಬಹಳ ಸಲ ಬೇಡ ಬೇಡ ಎಂದರು, ನಾವು ವಿನಯ ಎಂದುಕೊಂಡು ಒತ್ತಾಯ ಮಾಡಿದೆವು. ಆ ದಿನ ಸಂಗೀತ ಕಲಿತ ಟೀಚರೊಬ್ಬರು ಎದೆ ತುಂಬುವ ಹಾಗೆ ಹಾಡಿದರು. ಇನ್ನೊಬ್ಬ ಮಾಸ್ತರ ಹಾಡಿದ್ದು ಎಣ್ಣೆ ಕಾಣದ ಬಾಗಿಲು ತೆಗೆದಂತಿತ್ತು. ಮೊದಲ ಬಹುಮಾನ ಆ ಬಾಗಿಲಿಗೆ ಬಂತು. ಸಭೆಯಲ್ಲಿ ಗುಜುಗುಜು. ಮಾಸ್ತರರು ಎದ್ದು ನಿಂತು, ಆ ತಂಗಿ ನಡುವೆ ನಾಲ್ಕು ಸಲ ಉಸಿರು ಕದ್ದಿದ್ದಾರೆ, ಈತ ಒಂದು ಸಲವೂ ಕದ್ದಿಲ್ಲ, ನಾನು ಕಣ್ಣಾರೆ ನೋಡಿದ್ದೇನೆ ಎಂದರು. ಹಾಡನ್ನು ಕಣ್ಣಾರೆ ನೋಡಿದ ತೀರ್ಪುಗಾರರನ್ನು ಜನ ಅಲ್ಲಿಯೇ ಮೊದಲು ಕಂಡದ್ದು. ಗೆದ್ದವನಿಗೂ ಮಾಸ್ತರರಿಗೂ ನೆಂಟಸ್ತಿಕೆ ಇರಬೇಕು ಎಂದು ಕೆಲವರು ಮೂರು ತಲೆಮಾರು ಜಾಲಾಡಿದರು, ಏನೂ ಸಿಗಲಿಲ್ಲ. ನಾವಂತೂ ಮಾಸ್ತರರ ಪರ ನಿಂತು ಜಗಳ ಮಾಡಿ ಬಂದೆವು. ನಿಯಮ ಎಂದರೆ ನಿಯಮ ಎನ್ನುವ ಮನುಷ್ಯ ಎಂದು ನಾನೇ ಗಂಟಲು ಹರಿದುಕೊಂಡಿದ್ದೆ.

ತಾವು ಮಾತ್ರ ಒಂದು ದಿನವೂ ಹಾಡಲಿಲ್ಲ. ಒತ್ತಾಯ ಮಾಡಿದರೆ ಅಂಪೈರ್ ಆಡುವುದಿಲ್ಲ ಎಂದು ಕೈ ಬೀಸುತ್ತಿದ್ದರು. ತಮ್ಮ ನಿವೃತ್ತಿಯ ದಿನ ಹಾರ ಹಾಕಿಸಿಕೊಂಡ ಮೇಲೂ ಕುರ್ಚಿಯಲ್ಲಿ ಕೂರದೆ ಡಬ್ಬಿಯ ಪಕ್ಕ ಬಂದು ನಿಂತು, ನಮಗೆಲ್ಲ ಒಬ್ಬೊಬ್ಬರಿಗೂ ಟ್ರ್ಯಾಕು ಹಾಕಿ ಕೊಟ್ಟರು. ನಾವು ಅತ್ತುಕೊಂಡು ಹಾಡಿದೆವು. ಅವರು ನಮ್ಮ ಭೇಷ್‌ಗಳನ್ನು ಹಂಚಿ, ಡಬ್ಬಿಯನ್ನು ಕಟ್ಟಿಕೊಂಡು ಯಾದಗಿರಿಗೆ ಹೋದರು.

ಈಗ ಆ ಮನುಷ್ಯನ ಕಿವಿಗೆ ಮಷಿನ್ ಬಂದಿತ್ತು. ಸುದ್ದಿ ಬಂದ ವಾರದಲ್ಲೇ ಅವರ ಫೋನೂ ಬಂತು, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ. ಬನ್ನಿ, ಡಬ್ಬಿ ಇಲ್ಲೇ ಇದೆ, ಈಗ ಚೆನ್ನಾಗಿ ಕೇಳಿಸುತ್ತದೆ, ಒಂದೊಂದು ಹಾಡು ಹಾಡಿ ಹೋಗಿ ಎಂಬ ಆಮಂತ್ರಣ. ಸಣ್ಣ ದನಿಯಲ್ಲಿ ಮಾತಾಡುತ್ತಿದ್ದರು. ಅವರು ಸಣ್ಣ ದನಿಯಲ್ಲಿ ಮಾತಾಡಿದ್ದೇ ನಮಗೆ ಹೆದರಿಕೆ ತಂದಿತು. ಹಿಂದಿ ಸರ್ ಪೇಪರ್ ವ್ಯಾಲ್ಯುಯೇಶನ್ ಎಂದರು. ವಿಜ್ಞಾನದ ಸರ್‌ಗೆ ಗಂಟಲು ಕಟ್ಟಿತು, ಎರಡು ತಿಂಗಳಾದರೂ ಬಿಡಲಿಲ್ಲ. ನಾನು ಮನೆಯಲ್ಲಿ ಬಹಳ ಕೆಲಸ ಎಂದೆ.

ನಿಜ ಹೇಳಬೇಕೆಂದರೆ ನನಗೆ ಸಿಟ್ಟು ಬಂದಿತ್ತು. ಮೋಸ ಹೋದೆ ಅನ್ನಿಸಿತ್ತು. ಮದುವೆಮನೆಯ ಆ ಸೆರಗುಗಳು ರಾತ್ರಿ ಹಗಲು ಕಣ್ಣ ಮುಂದೆ ಬರುತ್ತಿದ್ದವು. ಹಾಡುವುದನ್ನು ಬಿಟ್ಟೆ. ಹೊಸ ಕ್ಲರ್ಕಿನ ಸ್ವಾಗತಕ್ಕೆ ಹಾಡಿ ಎಂದರೆ ಒಲ್ಲೆ ಎಂದೆ. ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಒಂದು ದಿನ ಬೆಳಿಗ್ಗೆ ಪ್ರಾರ್ಥನೆಗೆ ನಿಂತಾಗ ನನಗೇ ಗೊತ್ತಾಗದೆ ತುಟಿ ಮಾತ್ರ ಆಡುತ್ತಿತ್ತು. ನಲವತ್ತೆಂಟು ವರ್ಷದ ಹೆಂಗಸು ನಾಲ್ಕನೆಯ ಇಯತ್ತೆಯ ಸಾಲಿಗೆ ವಾಪಸು ಹೋಗಿ ನಿಂತಿದ್ದೆ. ಅವತ್ತೇ ನಿರ್ಧಾರ ಮಾಡಿದೆ. ಮಾಸ್ತರರ ಮುಂದೆ ಒಂದು ಸಲ ಹಾಡಬೇಕು. ಕೇಳುವ ಕಿವಿಯಿಂದ ಕೇಳಿ, ಬರುತ್ತದೆ ಎಂದರೆ ಹಾಡುತ್ತೇನೆ, ಇಲ್ಲವೆಂದರೆ ಇನ್ನು ಜನ್ಮದಲ್ಲಿ ಬಾಯಿ ತೆಗೆಯುವುದಿಲ್ಲ.

ಯಾದಗಿರಿಯಲ್ಲಿ ಜಿಲ್ಲಾ ಕಚೇರಿಯ ಕೆಲಸ ಮುಗಿಸಿಕೊಂಡು ಅವರ ಮನೆಗೆ ಹೋದೆ. ಸ್ಟೇಷನ್ ಹಿಂದಿನ ಓಣಿ. ಮಾಸ್ತರರು ಕಟ್ಟೆಯ ಮೇಲೆ ಲುಂಗಿ ಉಟ್ಟು ಕುಳಿತಿದ್ದರು. ಸೀಟಿ ಇಲ್ಲದ ಕೊರಳು ಬೋಳಾಗಿ ಕಾಣುತ್ತಿತ್ತು. ಕಿವಿಯ ಹಿಂದೆ ಅಲಸಂದೆ ಕಾಳಿನಷ್ಟು ಮಷಿನ್. ಮನುಷ್ಯ ಬಹಳ ತಕರಾರಿನವರಾಗಿದ್ದರು. ಫ್ಯಾನು ಸದ್ದು ಮಾಡುತ್ತದಂತೆ, ಪಕ್ಕದ ಮನೆಯವರು ಊಟ ಮಾಡುವಾಗ ಚಪ್ಪರಿಸುತ್ತಾರಂತೆ, ಗುಬ್ಬಿಗಳು ಇಷ್ಟು ಜಗಳಗಂಟಿ ಎಂದು ತಿಳಿದಿರಲಿಲ್ಲವಂತೆ. ಅವರ ಹೆಂಡತಿ ತಟ್ಟೆಯಲ್ಲಿ ಒಗ್ಗರಣೆ ಹಾಕಿದ ಮಂಡಕ್ಕಿ ಸುಸಲಾ ತಂದಿಟ್ಟು, ಮೂವತ್ತು ವರ್ಷ ಸೀಟಿ ಊದಿ ಊದಿ ಕುಕ್ಕರಿನ ಸೀಟಿಯೂ ಕೇಳದಂತಾಗಿತ್ತು, ಎರಡು ಸಲ ಬೇಳೆ ಹೊತ್ತಿಸಿದ್ದಾರೆ ಎಂದು ಚಾಡಿ ಹೇಳಿದರು. ಇಷ್ಟು ವರ್ಷ ಈಕೆ ಇಷ್ಟೊಂದು ಬೈಯುತ್ತಿದ್ದಳು ಎಂದು ನನಗೆ ಈಗಲೇ ಗೊತ್ತಾದದ್ದು ಎಂದು ಮಾಸ್ತರರು ನಕ್ಕರು.

ನನಗೆ ನಗು ಬರಲಿಲ್ಲ. ಕೇಳಬೇಕೆಂದು ಬಂದದ್ದನ್ನು ಕೇಳಿಬಿಟ್ಟೆ.

"ಸರ್, ನನ್ನ ಹಾಡು ನಿಮಗ ಕೇಳಸ್ತಿತ್ತೇನ್ರಿ?"

ಅವರು ತಟ್ಟೆಯನ್ನು ಪಕ್ಕಕ್ಕಿಟ್ಟರು.

"ಇಲ್ರಿ ಟೀಚರ್. ಡಬ್ಬಿ ನಡಗೂದು ಕೈಗೆ ತಿಳೀತಿತ್ತು. ನಿಮ್ಮ ಭುಜ ಕಾಣಸ್ತಿದ್ವು. ಮದಲ ಮದಲ ಅವು ಕಿವಿ ತನಕಾ ಏರಿ ಕುಂತಿರ್ತಿದ್ವು. ಬರಬರತ ಇಳದ್ವು. ಭುಜ ಇಳದ್ದಕ್ಕ ಭೇಷ್ ಅಂದೀನಿ, ಸುಳ್ಳ ಹೇಳಿಲ್ಲ."

ಹಾಗಾದರೆ ಮೊದಲೇ ಯಾಕೆ ಹೇಳಲಿಲ್ಲ ಎಂದೆ. ದನಿ ಸ್ವಲ್ಪ ಏರಿತ್ತು. ಅವರು ಉತ್ತರ ಕೊಡುವ ಮೊದಲು ಒಳಗೆ ನೋಡಿದರು. ಹೆಂಡತಿ ಅಡುಗೆಮನೆಗೆ ಹೋಗಿದ್ದರು.

"ಅಂಪೈರಿಗೆ ಕಿವಿ ಇಲ್ಲಂತ ಗೊತ್ತಾದ್ರ ಮೈದಾನದಾಗ ಯಾರ್ ನಿಂದ್ರಸಿಕೊಳ್ತಾರ್ರಿ? ಹುತುತು ಹಾಕೂ ಹುಡುಗನ ಉಸಿರ ಮುಗೀತೋ ಇಲ್ಲೋ ಕೇಳಿ ಸೀಟಿ ಊದಬೇಕು. ನನಗ ಕೇಳಸ್ತಿದ್ದಿಲ್ಲ. ಅದಕ್ಕ ಭುಜ ನೋಡಿ ಕಲತೆ. ನಿಮಗೂ ಅದ ವಿದ್ಯಾ ಹಚ್ಚಿದೆ."

ಸಿಟ್ಟು ಇಳಿಯಿತು ಎಂದು ಹೇಳಲಾರೆ. ಆದರೆ ಇಳಿಯಲು ಶುರುವಾಯಿತು. ಎಂಟು ವರ್ಷ ಮೈದಾನದ ನಡುವೆ ನಿಂತು, ಯಾರಿಗೆ ಯಾವಾಗ ಗೊತ್ತಾಗಿಬಿಡುತ್ತದೋ ಎಂದು ಹೆದರಿಕೊಂಡೇ ಸೀಟಿ ಊದಿದ ಮನುಷ್ಯ. ನನ್ನ ಹೆದರಿಕೆಯನ್ನು ಅವರು ಅಷ್ಟು ಬೇಗ ಗುರುತಿಸಿ ರಿಜಿಸ್ಟರಿನಲ್ಲಿ ಬರೆದಿಟ್ಟದ್ದು ಹೇಗೆಂದು ಆಗ ತಿಳಿಯಿತು.

ಹಾಡಿ ಎಂದರು. ಒಳಗಿನ ಕೋಣೆಯಿಂದ ಡಬ್ಬಿಯನ್ನು ತಳ್ಳಿಕೊಂಡು ಬಂದು ಟ್ರ್ಯಾಕು ಹಚ್ಚಿದರು. ಕೈಯನ್ನು ಡಬ್ಬಿಯ ಮೇಲೆ ಇಡಲಿಲ್ಲ, ಮಡಿಲಲ್ಲಿ ಇಟ್ಟುಕೊಂಡರು. ನಾನು ಹಾಡಿದೆ. ಮೊದಲ ಸಾಲು ದಾಟಿತು. ಎರಡನೆಯ ಸಾಲು ಮೇಲೆ ಏರುವ ಜಾಗದಲ್ಲಿ ಮಾಸ್ತರರ ಮುಖ ಮುದುಡಿತು. ಹುಣಸೆಕಾಯಿ ಕಚ್ಚಿದ ಹಾಗೆ ಮುದುಡಿತು. ಆರು ವರ್ಷದಲ್ಲಿ ಆ ಮುಖದ ಮೇಲೆ ನಾನು ಕಂಡ ಮೊದಲ ಗೆರೆ. ನನ್ನ ಬಾಯಿ ತಾನಾಗಿ ಮುಚ್ಚಿಕೊಂಡಿತು. ವಾದ್ಯ ಮಾತ್ರ ನುಡಿಯುತ್ತಿತ್ತು. ನಾನು ಬ್ಯಾಗು ಎತ್ತಿಕೊಂಡೆ. ಕಣ್ಣಲ್ಲಿ ನೀರು ಬಂದಿತ್ತು, ಅದನ್ನು ಮುಚ್ಚಿ ಪ್ರಯೋಜನವಿಲ್ಲ.

ಯಾಕೆ ನಿಲ್ಲಿಸಿದಿರಿ ಎಂದು ಕೇಳಿದರು. ನಿಮ್ಮ ಮುಖ ನೋಡಿದೆ ಎಂದೆ. ಮಷಿನ್ ತೆಗೆದಿಟ್ಟು ಹಾಡಿ ಎನ್ನುತ್ತಾರೆ, ನನ್ನನ್ನು ಸಮಾಧಾನ ಮಾಡಿ ಕಳಿಸುತ್ತಾರೆ ಎಂದುಕೊಂಡಿದ್ದೆ. ಅವರು ಮಷಿನ್ ತೆಗೆಯಲಿಲ್ಲ. ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿದು, ಟ್ರ್ಯಾಕಿನ ಶ್ರುತಿಯನ್ನು ಹಾರ್ಮೋನಿಯಂನ ಒಂದು ಮನೆಯಷ್ಟು ಕೆಳಗಿಳಿಸಿದರು.

"ಕುಂದರ್ರಿ. ಈ ಹಾಡು ನಿಮಗ ಎತ್ತರ ಆಗ್ಯಾದ. ನಾ ಉಸಿರ ಅಳದೆ, ದನಿ ಅಳೀಲಿಲ್ಲ. ತಪ್ಪು ನಂದು ಅದ. ಮತ್ತೊಮ್ಮಿ ಅನ್ರಿ."

ಮತ್ತೊಮ್ಮೆ ಹಾಡಿದೆ. ಮುಖ ಮತ್ತೆ ಮುದುಡಿತು, ಸ್ವಲ್ಪ ಕಡಿಮೆ. ಇನ್ನೊಂದು ಮನೆ ಇಳಿಸಿದರು. ನಡುವೆ ಒಂದು ಗೂಡ್ಸ್ ಗಾಡಿ ಬಂತು, ಅದರ ಡಬ್ಬಿಗಳೆಲ್ಲ ಮುಗಿಯುವ ತನಕ ಕಾದೆವು. ಮೂರನೆಯ ಸಲ ಕೈ ಎತ್ತಿ ನಿಲ್ಲಿಸಿ, ಇಲ್ಲಿ ಜಾರುತ್ತೀರಿ, ಇದೊಂದೇ ಜಾಗ ಎಂದು ತೋರಿಸಿದರು. ನಾನು ದಿನಾ ಬೋರ್ಡಿನ ಮುಂದೆ ನಿಂತು ಮಕ್ಕಳಿಗೆ ಇದನ್ನೇ ಹೇಳುತ್ತೇನೆ, ಇಲ್ಲಿ ತಪ್ಪಾಗಿದೆ, ಅಳಿಸಿ ಮತ್ತೆ ಮಾಡು ಎಂದು. ನನ್ನ ಹಾಡಿಗೂ ಹಾಗೆ ಯಾರಾದರೂ ಹೇಳಬಹುದು ಎಂದು ತೋಚಿರಲಿಲ್ಲ. ಬಾಯಿ ಮುಚ್ಚಿಸಿದವರಿದ್ದರು, ಭೇಷ್ ಎಂದವರಿದ್ದರು. ಮತ್ತೆ ಮಾಡು ಎಂದವರು ಇರಲಿಲ್ಲ. ಚಹಾ ಬಂತು, ಆರಿತು. ಅವರ ಹೆಂಡತಿ ಬಾಗಿಲ ಹತ್ತಿರ ಕುಳಿತು ಅಕ್ಕಿ ಆರಿಸುತ್ತ ಕೇಳತೊಡಗಿದರು. ಹೀಗೆ ಎಷ್ಟು ಸಲ ಹಾಡಿದೆನೋ, ಆರೋ ಏಳೋ ಇರಬೇಕು.

ಕೊನೆಯ ಸಲ ಹಾಡುವಾಗ ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಮೊದಲ ಸಾಲು ಹೋಯಿತು. ಏರುವ ಜಾಗ ಬಂತು. ಮುಖಕ್ಕೆ ಏನೂ ಆಗಲಿಲ್ಲ. ಅವರು ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ನನ್ನ ಭುಜಗಳನ್ನು ಅವರು ನೋಡುತ್ತಿರಲಿಲ್ಲ. ಒಂದು ಚರಣ ಹಾಡಿ ನಿಲ್ಲಿಸಿದೆ. ಅಕ್ಕಿ ಆರಿಸುವ ಕೈಯೂ ನಿಂತಿತ್ತು. ಮಾಸ್ತರರು ಕಣ್ಣು ತೆಗೆಯದೆಯೇ ಹೇಳಿದರು.

"ಇನ್ನೊಂದ್ ಹಾಡ್ರಿ."

ಇಷ್ಟು ವರ್ಷ ಹಾಡಿದರೂ ನನ್ನನ್ನು ಯಾರೂ ಇನ್ನೊಂದು ಹಾಡು ಎಂದು ಕೇಳಿರಲಿಲ್ಲ. ಹಾಗಾಗಿ ನಾನು ಇನ್ನೊಂದನ್ನು ಕಲಿತೇ ಇರಲಿಲ್ಲ.